ಮಳೆಗಾಲದ ಉಪಗ್ರಹ ಚಿತ್ರಗಳು: ಬೇರೆ ದೇಶದವರು ನಮಗೇಕೆ ಕೊಡುತ್ತಾರೆ?

ವಿದ್ಯಾರ್ಥಿನಿ, ಪುಣೆ:
ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮುಠಾ ನದಿಯ ದಂಡೆಯಲ್ಲಿ ಎಷ್ಟು ಜಾಗ ಮುಳುಗುತ್ತದೆಂದು ಗುರುತಿಸುವ ಕೆಲಸದಲ್ಲಿದ್ದೇನೆ. ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್‌ನ ಜುಲೈ ತಿಂಗಳ ಚಿತ್ರ ತೆರೆದರೆ ಊರೇ ಕಾಣದಷ್ಟು ಮೋಡ. ವಿದೇಶಿ ರಡಾರ್ ದತ್ತಾಂಶ ನಮಗೂ ಉಚಿತವೇ? ಕೊಡುವವರಿಗೆ ಅದರಿಂದ ಏನು ಪ್ರಯೋಜನ?

ಮುಲುಂಡ್, ಮುಂಬೈ:
ಉಚಿತವೇ. ಯುರೋಪಿನ ರಡಾರ್ ಉಪಗ್ರಹ ಸೆಂಟಿನೆಲ್-1 ಮೋಡದ ಮೂಲಕವೂ ನೋಡಬಲ್ಲದು. ನಿಂತ ನೀರು ರಡಾರ್ ಅಲೆಯನ್ನು ಬೇರೆಡೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಆದರೆ ಎಚ್ಚರ, ಕಟ್ಟಡಗಳ ನಡುವೆ ನುಗ್ಗಿದ ನೀರು ಗೋಡೆಗೆ ತಾಗಿ ಮರಳುವ ಅಲೆಯಿಂದ ಬೆಳ್ಳಗೂ ಕಾಣಬಹುದು. ನದಿಪಾತ್ರದ ಬೇಸಿಗೆಯ ಚಿತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಪ್ರಯೋಜನದ ಪ್ರಶ್ನೆಗೆ ಲ್ಯಾಂಡ್‌ಸ್ಯಾಟ್ ಇತಿಹಾಸವೇ ಉತ್ತರ: ಒಂದು ಚಿತ್ರಕ್ಕೆ ಸುಮಾರು 600 ಡಾಲರ್ ತೆರಬೇಕಿದ್ದ ಕಾಲದಲ್ಲಿ ಬಳಸುವವರು ಕಡಿಮೆಯಿದ್ದರು, 2008ರಲ್ಲಿ ಅಮೆರಿಕ ಸಂಗ್ರಹವನ್ನು ಮುಕ್ತಗೊಳಿಸಲು ನಿರ್ಧರಿಸಿದ ಮೇಲೆ ಬಳಕೆ ಅನೇಕ ಪಟ್ಟು ಬೆಳೆಯಿತು. ಸಾರ್ವಜನಿಕ ಹಣದಿಂದ ಪಡೆದ ಮಾಹಿತಿ ಕಪಾಟಿನಲ್ಲಿ ಕೂರುವುದು ನನಗಂತೂ ನೋವಿನ ಸಂಗತಿ.

ಮಡಗಾಂವ್, ಗೋವಾ:
ನಾವು ಬರೀ ಪಡೆಯುವವರಲ್ಲ ಎಂಬುದನ್ನೂ ಸೇರಿಸುತ್ತೇನೆ. ದೊಡ್ಡ ವಿಪತ್ತುಗಳ ಸಮಯದಲ್ಲಿ ಬಾಹ್ಯಾಕಾಶ ಸಂಸ್ಥೆಗಳು ತಮ್ಮ ಚಿತ್ರಗಳನ್ನು ಹಂಚಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಇಸ್ರೋ 2001ರಲ್ಲೇ ಸೇರಿದೆ. ಜುಲೈ 30, 2025ರಂದು ಶ್ರೀಹರಿಕೋಟದಿಂದ ಹಾರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್‌ನಲ್ಲಿ ನಾಸಾದ ಎಲ್-ಬ್ಯಾಂಡ್ (ಉದ್ದ ತರಂಗದ) ರಡಾರ್ ಜೊತೆಗೆ ನಮ್ಮ ಎಸ್-ಬ್ಯಾಂಡ್ (ಅದಕ್ಕಿಂತ ಗಿಡ್ಡ ತರಂಗದ) ರಡಾರ್ ಇದೆ. ಅದು 12 ದಿನಗಳಿಗೊಮ್ಮೆ ಅದೇ ಪಥಕ್ಕೆ ಮರಳುತ್ತದೆ.

ವಿದ್ಯಾರ್ಥಿನಿ, ಪುಣೆ:
ಧನ್ಯವಾದಗಳು ಸರ್. ಮೊದಲು ಮೇ ತಿಂಗಳ ಸೆಂಟಿನೆಲ್ ಚಿತ್ರವನ್ನು ಇಳಿಸಿಕೊಳ್ಳುತ್ತೇನೆ.