ಪದ ಬೇಕಾಗಿದೆ: ಹಳೆಯ ಟರ್ಬೊ ಕಾರಿನ ‘ಐಡ್ಲ್ ಸರ್ಜ್’ ಮತ್ತು ‘ಐಡ್ಲ್ ಏರ್ ವಾಲ್ವ್’

ಮಾನ್ಯರೇ,

ಸ್ವೀಡನ್ನಿನ ನಮ್ಮ ಕನ್ನಡ ಕೂಟದ ಸಂಚಿಕೆಗೆ 1980ರ ದಶಕದ ಸಾಬ್ 900 ಟರ್ಬೊ ಕಾರಿನ ದುರಸ್ತಿಯ ಕುರಿತು ಲೇಖನ ಬರೆಯುತ್ತಿದ್ದೇನೆ. ಭಾನುವಾರ ಅಚ್ಚಿಗೆ ಕೊಡಬೇಕು, ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಆಕ್ಸಿಲರೇಟರ್ ತುಳಿಯದಿದ್ದಾಗ ಈ ಎಂಜಿನ್ ನಿಮಿಷಕ್ಕೆ ಸುಮಾರು 850 ಸುತ್ತು ತಿರುಗುತ್ತಿರಬೇಕು, ಇದೇ ‘ಐಡ್ಲ್’. ಕೆಟ್ಟಾಗ ಅದು ತಾನಾಗಿಯೇ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಥ್ರಾಟಲಿನ (ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆದು ಬಿಡುವ ಮುಚ್ಚಳದ) ಆಚೆಗಿನ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಗಾಳಿಯ ಮಾಪಕದ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ವೇಗ ಹೆಚ್ಚುತ್ತದೆ. ಥ್ರಾಟಲ್ ಮುಚ್ಚಿದ್ದರೂ ವೇಗ ಹೆಚ್ಚಿರುವುದನ್ನು ಕಂಡ ಕಂಪ್ಯೂಟರ್, ಕಾರು ಇಳಿಜಾರಿನಲ್ಲಿದೆಯೆಂದು ಬಗೆದು ಪೆಟ್ರೋಲನ್ನು ತಡೆಯುತ್ತದೆ, ವೇಗ ಕುಸಿದೊಡನೆ ಮತ್ತೆ ಬಿಡುತ್ತದೆ. ಇದನ್ನು ಬರಿದೇ ‘ಸರ್ಜ್’ ಎಂದು ಬರೆಯುವಂತಿಲ್ಲ. ಥ್ರಾಟಲನ್ನು ಥಟ್ಟನೆ ಮುಚ್ಚಿದಾಗ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದೊಳಗೆ ಗಾಳಿ ಹಿಂದಕ್ಕೆ ಒತ್ತಿಬರುವುದಕ್ಕೂ ಇದೇ ಹೆಸರಿದೆ. ಈ ಏರಿಳಿತಕ್ಕೆ ‘ನಿಷ್ಕ್ರಿಯ ವೇಗೋತ್ಕರ್ಷ’, ಐಡ್ಲಿನಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ವಾಲ್ವ್‌ಗೆ ‘ನಿಷ್ಕ್ರಿಯ ವಾಯು ಕವಾಟ’ ಸರಿಯಾದಾವೇ?

ಉತ್ತರ:

ಸರಿಯಲ್ಲ. 850 ಸುತ್ತು ತಿರುಗುತ್ತಿರುವುದನ್ನು ನಿಷ್ಕ್ರಿಯವೆಂದು ಕರೆಯುವವರು ಎಂಜಿನ್ನನ್ನೂ ನೋಡಿಲ್ಲ, ನಿಘಂಟನ್ನೂ ನೋಡಿಲ್ಲ. ‘ಉತ್ಕರ್ಷ’ದಲ್ಲಿ ಏರುವುದಷ್ಟೇ ಇದೆ, ಇಳಿಯುವುದಿಲ್ಲ. ‘ಹೊಯ್ದಾಟ’ ಎನ್ನಿ. ದೋಣಿಗೂ ಮನಸ್ಸಿಗೂ ಸಲ್ಲುವ ಆ ಮಾತು ಎಂಜಿನ್ನಿಗೂ ಸಲ್ಲುತ್ತದೆ.

ಇನ್ನು ಕವಾಟ. ಕದವೆಂಬುದು ಕನ್ನಡದ್ದೇ, ತಮಿಳಿನಲ್ಲಿ ‘ಕದವು’ ಇದೆ. ‘ಕವಾಟ’ವೂ ನಮ್ಮ ಕದದಿಂದಲೇ ಸಂಸ್ಕೃತಕ್ಕೆ ಹೋಗಿದೆಯೆಂಬುದು ನನ್ನ ಬಹುಕಾಲದ ನಿಲುವು. ಆದರೆ ಇಲ್ಲಿ ಕದವೂ ಬೇಡ. ಮುಚ್ಚಿದ ಥ್ರಾಟಲನ್ನು ಕೆರೆಯ ಏರಿಯೆಂದು ತಿಳಿಯಿರಿ. ಏರಿ ಒಡೆಯದಂತೆ, ಅದರ ಅಡಿಯಿಂದ ಬೇಕಾದಷ್ಟೇ ನೀರನ್ನು ಬಿಡುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಹೆಸರಿದೆ: ತೂಬು. ಥ್ರಾಟಲಿನ ಪಕ್ಕದ ಸುತ್ತುದಾರಿಯಲ್ಲಿ ಅಳತೆಯ ಗಾಳಿಯನ್ನು ಬಿಡುವುದು ‘ಗಾಳಿತೂಬು’. ನಿಮ್ಮ ಕಂಪ್ಯೂಟರ್ ಅದನ್ನು ತೆರೆದು ಮುಚ್ಚುವ ನೀರುಗಂಟಿ. ಟರ್ಬೊ ಒತ್ತಿದ ಹೆಚ್ಚುವರಿ ಗಾಳಿಯನ್ನು ಹಿಂದಕ್ಕೆ ತಿರುಗಿಸುವ ಇನ್ನೊಂದು ವಾಲ್ವ್ ಇದೆಯಲ್ಲ, ಅದು ಕೋಡಿ. ಇಷ್ಟೆಲ್ಲ ಮನೆಯಲ್ಲಿರುವಾಗ ಸಾಲವೇಕೆ?

ಮತ್ತೊಂದು ಉತ್ತರ:

ತೂಬು ಕೆರೆಗೆ ಇರಲಿ. ಕದದ ವ್ಯುತ್ಪತ್ತಿಯನ್ನು ಇವರು ಪ್ರತಿ ಚರ್ಚೆಯಲ್ಲೂ ತರುತ್ತಾರೆ, ಆಧಾರವನ್ನು ಒಮ್ಮೆಯೂ ತಂದಿಲ್ಲ. ಮೆಕ್ಯಾನಿಕ್ ‘ಐಡ್ಲಿಂಗ್’, ‘ವಾಲ್ವ್’ ಎನ್ನುತ್ತಾನೆ, ಅವನ ಬಾಯಲ್ಲಿ ಅವು ಕನ್ನಡವೇ. ಕಾರು, ಟಯರ್, ಪೆಟ್ರೋಲುಗಳನ್ನು ಸಾಲ ಪಡೆದವರು ವಾಲ್ವ್‌ಗೆ ಬಂದಾಗ ವ್ರತ ಹಿಡಿಯುವುದು ನಗೆಪಾಟಲು. ಹೊಯ್ದಾಟವನ್ನು ಮಾತ್ರ ಒಪ್ಪುತ್ತೇನೆ.

ಕೇಳಿದವರಿಂದ:

ಇಬ್ಬರಿಗೂ ವಂದನೆಗಳು. ತೂಬಿನ ಹೋಲಿಕೆ ನನಗೆ ತುಂಬ ಹಿಡಿಸಿತು, ಆದರೆ ಬಿಡಿಭಾಗದ ಅಂಗಡಿಯಲ್ಲಿ ಓದುಗರು ಗಾಳಿತೂಬು ಕೇಳಿದರೆ ಏನೂ ಸಿಗದು. ಆದ್ದರಿಂದ ಭಾಗದ ಹೆಸರು ‘ಐಡ್ಲಿಂಗ್ ವಾಲ್ವ್’ ಎಂದೇ ಇರುತ್ತದೆ, ವಿವರಣೆಯಲ್ಲಿ ತೂಬು ಬರುತ್ತದೆ. ‘ಕೋಡಿ’ಯನ್ನು ಬಿಟ್ಟಿದ್ದೇನೆ, ಏಕೆಂದರೆ ಕೋಡಿಯ ನೀರು ಕೆರೆಗೆ ಮರಳುವುದಿಲ್ಲ, ಈ ಗಾಳಿಯಾದರೋ ಮತ್ತೆ ಟರ್ಬೊದ ಬಾಯಿಗೇ ಬರುತ್ತದೆ. ಅಚ್ಚಿಗೆ ಹೋಗುವ ಸಾಲುಗಳು ಹೀಗಿವೆ:

“ಐಡ್ಲಿಂಗ್ ಹೊಯ್ದಾಡುತ್ತಿದ್ದರೆ ಮೊದಲು ಕೊಳವೆಗಳ ಬಿರುಕನ್ನೂ ಅವನ್ನು ಬಿಗಿಯುವ ಪಟ್ಟಿಗಳು ಸಡಿಲವಾಗಿರುವುದನ್ನೂ ಹುಡುಕಿ. ಅವು ಸರಿಯಿದ್ದರೆ ಐಡ್ಲಿಂಗ್ ವಾಲ್ವನ್ನು ಕಳಚಿ, ಕೈಯಲ್ಲಿ ಹಿಡಿದು ಥಟ್ಟನೆ ಅತ್ತಿತ್ತ ತಿರುವಿ. ಒಳಗಿನ ರೆಕ್ಕೆ ಸಲೀಸಾಗಿ ಆಡಬೇಕು. ಎಣ್ಣೆಯ ಜಿಡ್ಡಿನಿಂದ ಅಂಟಿಕೊಂಡಿದ್ದರೆ ಕಾರ್ಬುರೇಟರ್ ಕ್ಲೀನರ್ ಹಾಕಿ ತೊಳೆದು, ಪೂರ್ತಿ ಒಣಗಿಸಿ ಕೂರಿಸಿ.”