ಕವಾಟ ಕಿರಿದಾಗಿದೆ ಎಂದಿದ್ದರು, ಎಕೋದಲ್ಲಿ ಗಡ್ಡೆ ಕಂಡಿದೆ

ಪ್ರಶ್ನೆ (ಶಿರಸಿ ಸಮೀಪದಿಂದ):
ಡಾಕ್ಟರೇ, ನಮಸ್ಕಾರ. ಆಯಿಗೆ 52 ವರ್ಷ. ನಾಲ್ಕು ತಿಂಗಳಿನಿಂದ ಸಂಜೆಯಾದರೆ ಸಣ್ಣ ಜ್ವರ, ಆರು ಕಿಲೋ ತೂಕ ಇಳಿದಿದೆ, ಮೈಯಲ್ಲಿ ಉರಿಯೂತವಿದ್ದರೆ ಏರುವ ಇಎಸ್‌ಆರ್ ಎಂಬ ರಕ್ತಪರೀಕ್ಷೆ 80ರ ಹತ್ತಿರ. ಕ್ಷಯವಿರಬಹುದೆಂದು ಕಫ ಪರೀಕ್ಷೆ ಮಾಡಿಸಿದೆವು, ಏನೂ ಸಿಗಲಿಲ್ಲ. ಏದುಸಿರು ಶುರುವಾದಾಗ ಸ್ಟೆತಾಸ್ಕೋಪ್ ಇಟ್ಟು ನೋಡಿದವರು ಹೃದಯದ ಕವಾಟ ಕಿರಿದಾಗಿದೆ ಎಂದರು. ಕಳೆದ ವಾರ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದವಳು ಬಗ್ಗಿದಲ್ಲೇ ಕಣ್ಣು ಕತ್ತಲೆ ಬಂದು ವಾಲಿದಳು. ಮಲಗಿಸಿದ ಅರ್ಧ ನಿಮಿಷದಲ್ಲಿ ಸರಿಯಾದಳು. ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ಎಡ ಹೃತ್ಕರ್ಣದಲ್ಲಿ, ಅಂದರೆ ಹೃದಯದ ಎಡ ಮೇಲಿನ ಕೋಣೆಯಲ್ಲಿ, 4.5 ಸೆಂ.ಮೀ. ಗಡ್ಡೆ, ಮಿಕ್ಸೋಮಾ ಇರಬಹುದು ಎಂದಿದೆ. ಇದು ಕ್ಯಾನ್ಸರೇ? ಸೂಜಿ ಹಾಕಿ ತುಣುಕು ತೆಗೆದು ನೋಡಬೇಕೇ? ಕೊಯ್ಲು ಮುಗಿಯುವವರೆಗೆ ತಡೆಯಬಹುದೇ?

ಉತ್ತರ:
ಕೊನೆಯ ಪ್ರಶ್ನೆಗೆ ಮೊದಲು ಹೇಳುತ್ತೇನೆ, ತಡೆಯಬೇಡಿ. ಬೇಕಿದ್ದರೆ ಈ ವರ್ಷದ ಫಸಲನ್ನು ಗುತ್ತಿಗೆಗೆ ಕೊಟ್ಟುಬಿಡಿ.

ಮಿಕ್ಸೋಮಾ ಕ್ಯಾನ್ಸರಲ್ಲ. ಹೃದಯದಲ್ಲೇ ಹುಟ್ಟುವ ಗಡ್ಡೆಗಳೇ ಅಪರೂಪ. ದೊಡ್ಡವರಲ್ಲಿ ಅವುಗಳ ಪೈಕಿ ಹೆಚ್ಚಾಗಿ ಕಾಣುವುದು ಇದು. ನಾಲ್ಕರಲ್ಲಿ ಮೂರರಷ್ಟು ಎಡ ಹೃತ್ಕರ್ಣದಲ್ಲೇ ಇರುತ್ತವೆ, ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡು. ಸಿಪ್ಪೆ ಸಹಿತ ಒಂದು ಅಡಿಕೆಯನ್ನು ನೆನೆಯಿರಿ, ಆದರೆ ಲೋಳೆಯಂತೆ ಮೆತ್ತಗಿನದು. ಲಂಗರು ಹಾಕಿದ ದೋಣಿ ಹಗ್ಗದ ಉದ್ದಕ್ಕೆ ಓಲಾಡುವಂತೆ ಅದು ಪ್ರತಿ ಬಡಿತಕ್ಕೂ ಆ ಕೋಣೆಯ ಕೆಳಬಾಗಿಲಾದ ಮೈಟ್ರಲ್ ಕವಾಟದೊಳಗೆ ಇಳಿದು ಮತ್ತೆ ಮೇಲೇರುತ್ತದೆ. ಇಳಿದಾಗ ರಕ್ತದ ದಾರಿ ಕಟ್ಟುತ್ತದೆ. ಆದ್ದರಿಂದಲೇ ಕಿವಿಗೆ ಅದು ಕಿರಿದಾದ ಕವಾಟದಂತೆ ಕೇಳುತ್ತದೆ. ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರನ್ನು ನಿತ್ಯ ನೋಡುವ ನಮಗೆ ಮೊದಲು ಹೊಳೆಯುವುದೂ ಅದೇ. ನಾನೂ ಒಮ್ಮೆ ಹಾಗೆ ಬರೆದು, ಎಕೋ ಪರದೆ ನೋಡಿ ಚೀಟಿ ಹರಿದಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಎಸ್‌ಆರ್ ಅಲ್ಲ, ಮೆಟ್ಟುಗತ್ತಿ. ಕವಾಟ ಕಾಯಿಲೆಯ ಏದುಸಿರು ಶ್ರಮಕ್ಕೆ ಹೆಚ್ಚುತ್ತದೆ. ಬಗ್ಗಿದರೆ ಕಣ್ಣು ಕತ್ತಲೆ, ಮಲಗಿದರೆ ಸರಿ ಎಂದರೆ ಒಳಗೆ ಏನೋ ಜಾಗ ಬದಲಿಸುತ್ತಿದೆ ಎಂದು ಅನುಮಾನಿಸಬೇಕು. ಜ್ವರ, ತೂಕ ಇಳಿಕೆಯೂ ಈ ಗಡ್ಡೆಯದೇ ಇರಬಹುದು. ಅದು ಸ್ರವಿಸುವ ಇಂಟರ್‌ಲ್ಯೂಕಿನ್-6 ಎಂಬ ವಸ್ತು ಮೈಯನ್ನು ಕೆರಳಿಸುತ್ತದೆ.

ಸೂಜಿ ಸಾಮಾನ್ಯವಾಗಿ ಬೇಡ. ಚೂರು ಉದುರಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ತಡ ಮಾಡಬೇಡಿ ಎಂದದ್ದೂ ಇದೇ ಭಯಕ್ಕೆ. ತೊಟ್ಟು ಸ್ಪಷ್ಟವಾಗಿ ಕಾಣದಿದ್ದರೆ ಅನ್ನನಾಳದೊಳಗಿನಿಂದ ಎಕೋ ಅಥವಾ ಹೃದಯದ ಎಂಆರ್‌ಐ ಮಾಡುತ್ತಾರೆ. ಖಚಿತ ಹೆಸರು ಬರುವುದು ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟ ಮೇಲೆ.

ಗಡ್ಡೆ ತೆಗೆಯಲು ಹೃದಯ ಬಿಚ್ಚುವುದೆಂದರೆ ಹೆದರಿಕೆ ಸಹಜ. ಆದರೆ ಸ್ಟಾಕ್‌ಹೋಮ್‌ನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್ ಇಂಥ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದದ್ದು 1954ರಲ್ಲೇ. ತೊಟ್ಟು ಹುಟ್ಟಿದ ಗೋಡೆಯ ತುಣುಕನ್ನೂ ಸೇರಿಸಿ ತೆಗೆದರೆ ಮತ್ತೆ ಬರುವುದು ಕಡಿಮೆ. ಆದರೂ ವರ್ಷಕ್ಕೊಮ್ಮೆ ಎಕೋ ತಪ್ಪಿಸಬೇಡಿ.

ಪ್ರಶ್ನೆ (ಕಾರವಾರದಿಂದ):
ನನ್ನ ಅಣ್ಣನಿಗೂ ಅದೇ ಜಾಗದಲ್ಲಿ ಗಡ್ಡೆ ಎಂದು ಮೊದಲು ಹೇಳಿ, ಆಮೇಲೆ ಹೆಪ್ಪುಗಟ್ಟಿದ ರಕ್ತ ಎಂದರು. ಯಾವುದನ್ನು ನಂಬಲಿ?

ಉತ್ತರ:
ಇಬ್ಬರದೂ ತಪ್ಪಾಗಿರಲಿಕ್ಕಿಲ್ಲ, ಪರದೆಯ ಮೇಲೆ ಎರಡೂ ಹೋಲುತ್ತವೆ. ನಾಡಿ ತಾಳ ತಪ್ಪಿದ್ದು, ಹೃತ್ಕರ್ಣ ಹಿಗ್ಗಿ, ಮುದ್ದೆ ಮೂಲೆಯ ಕಿರುಚೀಲದಲ್ಲಿ ಕುಳಿತಿದ್ದರೆ ಹೆಪ್ಪಿನ ಕಡೆಗೇ ಒಲವು. ರಕ್ತ ತೆಳುವಾಗಿಸುವ ಔಷಧ ಕೊಟ್ಟು ಕೆಲವು ವಾರಗಳ ನಂತರ ಮತ್ತೆ ನೋಡುವುದೂ ಒಂದು ಪರೀಕ್ಷೆಯೇ: ಹೆಪ್ಪು ಸಾಮಾನ್ಯವಾಗಿ ಕರಗುತ್ತದೆ, ಮಿಕ್ಸೋಮಾ ಕರಗುವುದಿಲ್ಲ. ಮೊದಲೇ ಬೇರೆಲ್ಲಾದರೂ ಕ್ಯಾನ್ಸರ್ ಆಗಿದ್ದರೆ ಅದನ್ನು ಹೇಳಲೇಬೇಕು. ಹೃದಯದಲ್ಲೇ ಹುಟ್ಟಿದ ಗಡ್ಡೆಗಿಂತ ಹೊರಗಿನಿಂದ ಹರಡಿ ಬಂದದ್ದು ಹತ್ತಾರು ಪಟ್ಟು ಹೆಚ್ಚು.

ಶಿರಸಿಯವರು:
ಉಪಕಾರವಾಯಿತು ಡಾಕ್ಟರೇ. ನಾಡಿದ್ದು ಮಣಿಪಾಲಕ್ಕೆ ಹೊರಟಿದ್ದೇವೆ. ಘಟ್ಟದ ತಿರುವುಗಳಲ್ಲಿ ಆಯಿಯನ್ನು ಹೇಗೆ ಕೂರಿಸಲಿ?

ಉತ್ತರ:
ಯಾವ ಭಂಗಿಯಲ್ಲಿ ಉಸಿರು ಸಲೀಸು ಎಂದು ಅವರನ್ನೇ ಕೇಳಿ, ಹಾಗೇ ಬಿಡಿ. ಮುಂದಕ್ಕೆ ಬಗ್ಗಲು ಬಿಡಬೇಡಿ, ಚಪ್ಪಲಿ ನೀವೇ ಹಾಕಿಕೊಡಿ. ಮಾತು ತೊದಲಿದರೆ, ಕೈ ಸೋತರೆ ಮಣಿಪಾಲದವರೆಗೆ ಕಾಯದೆ ದಾರಿಯಲ್ಲಿ ಸಿಗುವ ದೊಡ್ಡ ಆಸ್ಪತ್ರೆಗೆ ನುಗ್ಗಿ. ಎಕೋದ ಸಿಡಿ ಚೀಲದಲ್ಲಿರಲಿ. ಕಾಗದದ ವರದಿ ಸಾಲದು; ಗಡ್ಡೆ ಅಲ್ಲಾಡುವುದನ್ನು ಸರ್ಜನ್ ಕಣ್ಣಾರೆ ನೋಡಬೇಕು.