ತೋಟದ ದಾರಿಗೆ ಜಿಮ್ನಿ: ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ?

ಪ್ರಶ್ನೆ:
ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಗೇಟಿನಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಕಡಿದಾದ ಏರು. ಮಳೆಗಾಲದಲ್ಲಿ ವಿಪರೀತ ಜಾರುತ್ತದೆ. ಮಾರುತಿಯ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿ ತಗೊಳ್ಳಬೇಕು ಅಂತಿದ್ದೇನೆ. 5 ಗೇರಿನ ಮ್ಯಾನುಯಲ್ಲೋ, 4 ಗೇರಿನ ಆಟೋಮ್ಯಾಟಿಕ್ಕೋ? ಅಪ್ಪನೂ ಓಡಿಸುತ್ತಾರೆ, ಅವರಿಗೆ ಮಂಡಿನೋವು.

ಉತ್ತರ 1:
ಮ್ಯಾನುಯಲ್ ತಗೊಳ್ಳಿ. ಬ್ಯಾಟರಿ ಇಳಿದರೂ ತಳ್ಳಿ ಸ್ಟಾರ್ಟ್ ಮಾಡಬಹುದು.

ಉತ್ತರ 2:
ನಾನು ಹತ್ತು ವರ್ಷ ಮ್ಯಾನುಯಲ್ ಜೀಪ್ ಓಡಿಸಿದವನು. ಒಂದು ಜುಲೈಯಲ್ಲಿ ಏರಿನ ಅರ್ಧಕ್ಕೆ ಕ್ಲಚ್ ಸುಟ್ಟ ವಾಸನೆ ಬಂತು. ಇಂಜಿನ್ ಆಫ್ ಆಯ್ತು. ಗಾಡಿ ಹಿಂದಕ್ಕೆ ಜಾರಿ ಸಿಲ್ವರ್ ಮರಕ್ಕೆ ಒರಗಿ ನಿಂತಿತು. ಪಕ್ಕದಲ್ಲಿ ಮಗಳಿದ್ದಳು. ಆ ಮರ ಇಲ್ಲದಿದ್ದರೆ ಕೆಳಗೆ ಕೆರೆ.

ಈಗ ಜಿಮ್ನಿ ಆಟೋಮ್ಯಾಟಿಕ್. ಏರಿನಲ್ಲಿ ಕ್ಲಚ್ ಚಿಂತೆಯೇ ಇಲ್ಲ, ನಿಧಾನಕ್ಕೆ ಆಕ್ಸಿಲರೇಟರ್ ಒತ್ತಿದರೆ ಸಾಕು. ಇಳಿಯುವಾಗ ಮ್ಯಾನುಯಲ್ಲೇ ಮೇಲು, ಒಪ್ಪುತ್ತೇನೆ. ಆದರೆ ಲೋ ರೇಂಜ್ (ನಾಲ್ಕೂ ಚಕ್ರಕ್ಕೆ ಹೆಚ್ಚು ಬಲ, ಕಡಿಮೆ ವೇಗ ಕೊಡುವ ಗೇರ್) ಹಾಕಿ, ಗೇರ್ ಲಿವರ್ 'ಎಲ್'ಗೆ, ಅಂದರೆ ಅತಿ ಕೆಳಗಿನ ಗೇರಿಗೆ ತಂದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಅಪ್ಪನ ಮಂಡಿಗೂ ಇದೇ ಸರಿ ಅಲ್ವಾ? ಟೈರ್ ಮಾತ್ರ ಕೆಸರಿಗೆ ಹೊಂದುವಂಥದ್ದು ಹಾಕಿಸಿ.

ಪ್ರಶ್ನೆ ಕೇಳಿದವರು:
ಕೆರೆಯ ಮಾತು ಓದಿ ಎದೆ ಝಲ್ ಅಂತು. ಭಾನುವಾರ ಅಪ್ಪನನ್ನೇ ಕೂರಿಸಿ ಆಟೋಮ್ಯಾಟಿಕ್ ಓಡಿಸಿ ನೋಡುತ್ತೇವೆ.